ಅಪ್‌ಡೇಟ್: 16 ಟ್ರ್ಯಾಕ್ ರೆಕಾರ್ಡಿಂಗ್ ಈಗ ನಿಲ್ಲುತ್ತಿಲ್ಲ

ಲ್ಯಾಪ್‌ಟಾಪ್‌ಗೆ ಜೋಡಿಸಿದ ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ 16 ಟ್ರ್ಯಾಕ್ (ಬೇರೆಬೇರೆಯಾಗಿ ಉಳಿಸುವ ಧ್ವನಿಗಳು) ಒಟ್ಟಿಗೆ ರೆಕಾರ್ಡ್ ಮಾಡುವಾಗ ‘ಡಿಸ್ಕ್ ನಿಧಾನ’ ಎಂಬ ಸಂದೇಶ ಬಂದು ಎಲ್ಲ ನಿಂತುಬಿಡುತ್ತದೆ, ಯುಎಸ್‌ಬಿ ಬಿಟ್ಟು ಥಂಡರ್‌ಬೋಲ್ಟ್ (ಇನ್ನೂ ವೇಗದ, ದುಬಾರಿ ಸಂಪರ್ಕ) ಡ್ರೈವ್ ಕೊಳ್ಳಬೇಕಾ ಎಂದು ಕೇಳಿದ್ದೆ. ಬೇಕಾಗಲಿಲ್ಲ!

ಬಫರ್ (ಧ್ವನಿಯನ್ನು ಸ್ವಲ್ಪ ಹೊತ್ತು ಹಿಡಿದಿಡುವ ಜಾಗ) 1024 ಸ್ಯಾಂಪಲ್‌ಗೆ ಏರಿಸಿದೆ, ಪ್ರಯೋಜನವಾಗಲಿಲ್ಲ. ಕೇಬಲ್ ಬದಲಿಸಿದರೂ ಅದೇ ಕಥೆ. ಕೆಲಸ ಮಾಡಿದ್ದು ‘ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಪೆಟ್ಟಿಗೆ) ತೆಗೆದು ನೋಡಿ’ ಎಂದವರ ಸಲಹೆ. ಅವರಿಗೆ ತುಂಬಾ ಥ್ಯಾಂಕ್ಸ್. ನನ್ನ ಹಬ್‌ಗೆ ಬೇರೆ ಪವರ್ ಅಡಾಪ್ಟರ್ ಇಲ್ಲ. ಯುಎಸ್‌ಬಿ 3.0 ಪೋರ್ಟ್ ಕೊಡುವ 900 ಮಿಲಿಆಂಪಿಯರ್ ವಿದ್ಯುತ್ತನ್ನೇ ತಿರುಗುವ ಹಾರ್ಡ್ ಡಿಸ್ಕ್, ಕೀಬೋರ್ಡ್, ಇನ್ನೊಂದು ಡ್ರೈವ್ ಎಲ್ಲವೂ ಹಂಚಿಕೊಳ್ಳುತ್ತಿದ್ದವು, ಡಿಸ್ಕ್‌ಗೆ ಸಾಲುತ್ತಿರಲಿಲ್ಲ. ಡಿಸ್ಕನ್ನು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿದ ಮೇಲೆ ಇಡೀ ಸಂಗೀತ ಕಛೇರಿ ಒಂದೇ ಸಲಕ್ಕೆ ರೆಕಾರ್ಡ್ ಆಯಿತು.

ನನಗೆ ಅಚ್ಚರಿ ತಂದದ್ದು ಲೆಕ್ಕ. 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಒಂದು ಮೋನೊ (ಒಂದೇ ಚಾನೆಲ್‌ನ) ಟ್ರ್ಯಾಕ್‌ಗೆ ಸೆಕೆಂಡಿಗೆ 144 ಕಿಲೋಬೈಟ್ ಸಾಕು. 16ಕ್ಕೆ ಸುಮಾರು 2.3 ಮೆಗಾಬೈಟ್, ಅಷ್ಟೇ. ಹಳೆಯ ಯುಎಸ್‌ಬಿ 2.0 ಕೂಡ ಸೆಕೆಂಡಿಗೆ 30 ಮೆಗಾಬೈಟ್ ಸುಲಭವಾಗಿ ಸಾಗಿಸುತ್ತದೆ. ಸುಮ್ನೆ ಥಂಡರ್‌ಬೋಲ್ಟ್‌ನಂಥ ದುಬಾರಿ ಸಂಪರ್ಕಕ್ಕೆ ದುಡ್ಡು ಹಾಕಬೇಡಿ. ಹಾರ್ಡ್ ಡಿಸ್ಕ್‌ಗೆ ನಿಜವಾದ ಕಷ್ಟ ಒಂದೇ ಸಮಯಕ್ಕೆ ಹಲವು ಫೈಲ್‌ಗಳ ನಡುವೆ ಹೆಡ್ (ಡಿಸ್ಕ್ ಮೇಲೆ ಬರೆಯುವ ಭಾಗ) ಓಡಾಡುವುದು. ಟ್ರ್ಯಾಕ್ ಇನ್ನೂ ಜಾಸ್ತಿಯಾದರೆ ಸಾಧಾರಣ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗ, ಹೆಡ್ ಇಲ್ಲದ ಡ್ರೈವ್) ತಗೊಳ್ಳುತ್ತೇನೆ.