ಅಪ್‌ಡೇಟ್: ಕೊನೆಗೂ ನೀಲಿ ಹೂ ಬಂತು

ಬೇಸಿಗೆ ಮುಗಿದ ಮೇಲೆ ತೋಟ ಬಣ್ಣಗೆಡುತ್ತದೆ, ಆಗ ನೀಲಿ ಹೂ ಬಿಡುವ ಬಹುವಾರ್ಷಿಕ ಗಿಡ ಯಾವುದು ಅಂತ ಕಳೆದ ವರ್ಷ ಕೇಳಿದ್ದೆ. ನೀವು ಮೂರು ಗಿಡ ಹೇಳಿದ್ರಿ: ನೆಲಕ್ಕೆ ಹರಡುವ ಸೆರಟೋಸ್ಟಿಗ್ಮಾ, ಆಸ್ಟರ್, ಮತ್ತೆ ಅಕೊನೈಟಮ್ (ವತ್ಸನಾಭಿಯ ಜಾತಿ). ಮೊದಲ ಎರಡನ್ನು ನೆಟ್ಟೆ.

ಸೆರಟೋಸ್ಟಿಗ್ಮಾ ಮೊದಲು ಹೆದರಿಸಿಬಿಟ್ಟಿತು. ವಸಂತದಲ್ಲಿ ಬೇರೆಲ್ಲ ಗಿಡ ಚಿಗುರಿದರೂ ಇದು ಸುಮ್ನೆ ಮಲಗಿತ್ತು. ಸತ್ತೇಹೋಯಿತು ಅಂತ ಕಿತ್ತುಹಾಕಲು ಹೊರಟಿದ್ದೆ! ತಡವಾಗಿ ಚಿಗುರುವುದೇ ಅದರ ಸ್ವಭಾವವಂತೆ. ಈಗ ನೆಲದ ತುಂಬ ಅಚ್ಚ ನೀಲಿ ಹೂ, ಜೊತೆಗೆ ಕೆಂಪಾಗುತ್ತಿರುವ ಎಲೆ.

ಆಸ್ಟರ್‌ನ ತುದಿಗಳನ್ನು ಬೇಸಿಗೆಯ ಶುರುವಿನಲ್ಲಿ ಚಿವುಟಿದ್ದೆ. ಪೊದೆಯಾಗಿ ಬೆಳೆಯಿತು, ಆಸರೆಗೆ ಕೋಲು ಬೇಕಾಗಲಿಲ್ಲ. ಆದರೆ ಇದು ನೀಲಿಗಿಂತ ನೇರಳೆಯೇ ಜಾಸ್ತಿ, ಅಲ್ವಾ?

ಅಕೊನೈಟಮ್ ಮಾತ್ರ ಬಿಟ್ಟೆ. ಬೇರಿನಿಂದ ಹೂವಿನವರೆಗೂ ವಿಷ ಅದು. ಮನೆಯಲ್ಲಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಮಗು ಇದೆ.