ಪದಚರ್ಚೆ: ಪಿಚರ್ ಪಂದ್ಯ ಗೆದ್ದನೋ, ಗೆಲ್ಲಿಸಿದನೋ?

ಬೇಸ್‌ಬಾಲ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಅಮೆರಿಕದ ನ್ಯಾಷನಲ್ ಲೀಗ್‌ನ 1884ರ ಪಟ್ಟಿಯಿದೆ. ಪ್ರಾವಿಡೆನ್ಸ್ ಗ್ರೇಸ್ ತಂಡದ ಪಿಚರ್ (ಚೆಂಡೆಸೆಯುವವನು, ನಮ್ಮ ಬೌಲರ್ ಇದ್ದ ಹಾಗೆ) ಚಾರ್ಲ್ಸ್ ರ‍್ಯಾಡ್‌ಬರ್ನ್ 59 ‘ವಿನ್’. ಬಾಸ್ಟನ್‌ನ ಚಾರ್ಲಿ ಬಫಿಂಟನ್ 48, ಬಫಲೋ ತಂಡದ ಪಡ್ ಗ್ಯಾಲ್ವಿನ್ 46. ಹೆಸರು, ಅಂಕಿ ಎಲ್ಲ ಸಲೀಸು. ಸಿಕ್ಕಿಕೊಂಡಿದ್ದು ಈ ‘ವಿನ್’ನಲ್ಲಿ. ಅಲ್ಲಿ ತಂಡ ಗೆದ್ದರೆ ಆ ಗೆಲುವನ್ನು, ಸೋತರೆ ಆ ಸೋಲನ್ನು ಒಬ್ಬ ಪಿಚರ್ ಲೆಕ್ಕಕ್ಕೆ ಬರೆಯುತ್ತಾರೆ.

ಮೊದಲು ‘59 ಪಂದ್ಯ ಗೆದ್ದ’ ಎಂದು ಬರೆದೆ. ಓದಿದ ತಂಗಿ, “ಒಬ್ಬನೇ ಆಡಿದ್ನಾ?” ಎಂದಳು. ಸರಿ ಅಲ್ವಾ? ಕ್ರಿಕೆಟ್ ನೋಡಿ ಬೆಳೆದವರು ನಾವು. ಬೌಲರ್ ವಿಕೆಟ್ ತೆಗೆಯುತ್ತಾನೆ, ಗೆಲ್ಲುವುದು ತಂಡ. ಹೆಚ್ಚೆಂದರೆ ನಾಯಕನ ಹೆಸರಲ್ಲಿ ಗೆಲುವು ಎಣಿಸುತ್ತೇವೆ.

‘ಗೆಲ್ಲಿಸಿದ’ ಎಂದು ತಿದ್ದಿದೆ. 1999ರ ದೆಹಲಿ ಟೆಸ್ಟ್‌ನಲ್ಲಿ ಒಂದೇ ಇನಿಂಗ್ಸ್‌ಗೆ ಹತ್ತೂ ವಿಕೆಟ್ ಕಿತ್ತ ಕುಂಬ್ಳೆ ಪಂದ್ಯ ಗೆಲ್ಲಿಸಿದರು ಅನ್ನುತ್ತೇವಲ್ಲ, ಹಾಗೆ. ರ‍್ಯಾಡ್‌ಬರ್ನ್‌ಗೂ ಅದು ಒಪ್ಪುತ್ತದೆ. ಜುಲೈನಲ್ಲಿ ಜೊತೆಯ ಪಿಚರ್ ಚಾರ್ಲಿ ಸ್ವೀನಿ ತಂಡದಿಂದ ಹೊರಬಿದ್ದ ಮೇಲೆ ಹೆಚ್ಚುಕಮ್ಮಿ ಎಲ್ಲ ಪಂದ್ಯಕ್ಕೂ ಇವನೇ ಗತಿ. ಆ ವರ್ಷ ಎಸೆದಿದ್ದು 678ಕ್ಕೂ ಜಾಸ್ತಿ ಇನಿಂಗ್ಸ್ (ಅಲ್ಲಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಒಂಬತ್ತು)! ಆ ತೋಳು ಏನಾಗಿರಬೇಡ.

ಆದರೆ ಕೆಲವು ಪುಸ್ತಕಗಳಲ್ಲಿ ಅವನ ಗೆಲುವು 59 ಅಲ್ಲ, 60. ಜುಲೈ 28ರ ಪಂದ್ಯದಲ್ಲಿ ಮೊದಲ ಐದು ಇನಿಂಗ್ಸ್ ಎಸೆದವನು ಸೈಕ್ಲೋನ್ ಮಿಲ್ಲರ್. ಅವನು ಬಿಟ್ಟಾಗ ತಂಡ ಮುಂದಿತ್ತು, ಉಳಿದದ್ದನ್ನು ರ‍್ಯಾಡ್‌ಬರ್ನ್ ಮುಗಿಸಿದ. ಅಂದಿನ ಲೆಕ್ಕದವರು ಗೆಲುವನ್ನು ರ‍್ಯಾಡ್‌ಬರ್ನ್‌ಗೆ ಬರೆದರು. ಈಗಿನ ನಿಯಮದಲ್ಲಿ ಅದು ಮಿಲ್ಲರ್‌ಗೆ ಸೇರಬೇಕು. ಅಂದರೆ ‘ವಿನ್’ ಹೊಗಳಿಕೆಯಲ್ಲ, ಬರೀ ದಾಖಲೆ. ಪಹಣಿ ಇದ್ದ ಹಾಗೆ: ಉಳುವವನೊಬ್ಬ, ಹೆಸರು ಇನ್ನೊಬ್ಬನದು. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್‌ನ ಜೇಕಬ್ ಡಿಗ್ರಾಮ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ 1.70 ರನ್ ಮಾತ್ರ ಕೊಟ್ಟ (ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು). ಗೆಲುವು ಸಿಕ್ಕಿದ್ದು ಹತ್ತೇ, ಅವನ ತಂಡದವರು ರನ್ ಹೊಡೆಯಲಿಲ್ಲ. ‘ಹತ್ತೇ ಗೆಲ್ಲಿಸಿದ’ ಎಂದರೆ ಪಾಪ, ಅನ್ಯಾಯ.

ಹಾಗಾಗಿ ಸದ್ಯಕ್ಕೆ ‘ಅವನ ಹೆಸರಿಗೆ 59 ಗೆಲುವು’ ಎಂದು ಬರೆದಿಟ್ಟಿದ್ದೇನೆ. ‘ಖಾತೆಗೆ’ ಅನ್ನಬಹುದಿತ್ತು, ಆದರೆ ‘ಗೆಲುವಿನ ಖಾತೆ ತೆರೆದರು’ ಎಂದು ಕ್ರೀಡಾ ಪುಟದವರು ಮೊದಲ ಗೆಲುವಿಗೇ ಬಳಸಿ ಸವೆಸಿದ್ದಾರೆ.

ಇನ್ನೊಂದು ತಮಾಷೆ ನೋಡಿ. ರ‍್ಯಾಡ್‌ಬರ್ನ್‌ಗೆ 12 ಸೋಲೂ ಇವೆ. ತಂಡವನ್ನು ಗೆಲ್ಲಿಸಿದ ಎಂದರೆ ತನ್ನ ತಂಡ, ತಂಡವನ್ನು ಸೋಲಿಸಿದ ಎಂದರೆ ಎದುರಾಳಿ! ಎರಡಕ್ಕೂ ಅದೇ ‘ಇಸು’, ಅರ್ಥ ಮಾತ್ರ ಉಲ್ಟಾ. ತನ್ನ ತಂಡ ಸೋಲಲು ಕಾರಣನಾದವನಿಗೆ ನಿಮ್ಮ ಕಡೆ ಒಂದೇ ಮಾತಿನ ಕ್ರಿಯಾಪದ ಇದೆಯಾ? ‘ಮುಳುಗಿಸಿದ’ ಬಿಟ್ಟು ಹೇಳಿ. ಅದು ಬೈಗುಳ ಆಯ್ತು.