ಬಳಕೆದಾರರು ಟ್ರ್ಯಾಕಿಂಗ್ ಬೇಡ ಎಂದ ಮೇಲೆ ಬೇರೆ ದಾರಿಯಿಂದ ಅವರನ್ನು ಗುರುತಿಸುವುದು ಸರಿಯೇ?

ಪ್ರಶ್ನೆ – ಧಾರಣೆ ಬಳಗ

ಮಾನ್ಯರೇ,

ಶಿರಸಿ, ಸಾಗರ, ಶಿವಮೊಗ್ಗ ಮೊದಲಾದ ಮಾರುಕಟ್ಟೆಗಳ ಅಡಿಕೆ ಧಾರಣೆಯನ್ನು ದಿನವೂ ತಿಳಿಸುವ ಸಣ್ಣ ಆ್ಯಪ್ ಒಂದನ್ನು ನಾವು ಕೆಲವರು ಸೇರಿ ನಡೆಸುತ್ತಿದ್ದೇವೆ. ಆ್ಯಪ್ ಉಚಿತವಾಗಿದ್ದು, ಅದರ ಖರ್ಚು ಹುಟ್ಟುವುದು ಜಾಹೀರಾತಿನಿಂದ. ಆಂಡ್ರಾಯ್ಡ್ ಫೋನಿನಲ್ಲಿ ಜಾಹೀರಾತು ಐಡಿಯನ್ನು (ಜಾಹೀರಾತಿನವರು ಫೋನನ್ನು ಗುರುತಿಸಲು ಬಳಸುವ ಸಂಖ್ಯೆಯನ್ನು) ಅಳಿಸಿದವರಿಗೆ ಮತ್ತು ಐಫೋನಿನಲ್ಲಿ ಟ್ರ್ಯಾಕಿಂಗ್‌ಗೆ ಅನುಮತಿ ಕೊಡದವರಿಗೆ ತೋರಿಸುವ ಜಾಹೀರಾತಿಗೆ ನಮಗೆ ಸಿಗುವ ದರ ಕಡಿಮೆ.

ಈಗ ನಮಗೆ ಜಾಹೀರಾತು ಒದಗಿಸುವ ಸಂಸ್ಥೆಯೊಂದು ಹೊಸ ಎಸ್‌ಡಿಕೆ (ಆ್ಯಪ್‌ನೊಳಗೆ ಸೇರಿಸುವ ಸಿದ್ಧ ಕೋಡ್) ಅಳವಡಿಸಿಕೊಳ್ಳುವಂತೆ ಸೂಚಿಸಿದೆ. ಲಾಗಿನ್‌ಗೆಂದು ನಾವು ಪಡೆಯುವ ಮೊಬೈಲ್ ಸಂಖ್ಯೆಯನ್ನು ಹ್ಯಾಶ್ ಮಾಡಿ (ಸೂತ್ರವೊಂದರಿಂದ ಬೇರೆಯೇ ಅಕ್ಷರ-ಅಂಕಿಗಳ ಸಾಲಾಗಿ ಬದಲಿಸಿ) ಕಳುಹಿಸಿದರೆ, ಜೊತೆಗೆ ಫೋನಿನ ಮಾದರಿ, ಪರದೆಯ ಅಳತೆ, ಸುತ್ತಲಿನ ವೈಫೈ ವಿವರಗಳನ್ನು ಓದಲು ಬಿಟ್ಟರೆ, ಬೇಡ ಎಂದವರನ್ನೂ ಗುರುತಿಸಿ ಪೂರ್ತಿ ದರ ಕೊಡುವುದಾಗಿ ಅದು ಹೇಳುತ್ತಿದೆ. ಜನ ಬೇಡ ಎಂದಿರುವುದು ಜಾಹೀರಾತು ಐಡಿಯನ್ನು ಮಾತ್ರ, ಅದನ್ನಂತೂ ನಾವು ಮುಟ್ಟುತ್ತಿಲ್ಲ ಎಂಬುದು ಆ ಸಂಸ್ಥೆಯ ವಾದ. ನಮ್ಮ ಬಳಕೆದಾರರಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು. ನಮ್ಮನ್ನು ನಂಬಿ ಸಂಖ್ಯೆ ಕೊಟ್ಟವರು. ಈ ವಾದವನ್ನು ಒಪ್ಪಲು ನಮಗೆ ಮನಸ್ಸಾಗುತ್ತಿಲ್ಲ, ಆದರೆ ಅದು ಎಲ್ಲಿ ತಪ್ಪುತ್ತದೆ ಎಂದು ಖಚಿತವಾಗಿ ತಿಳಿಸಿ ಪತ್ರ ಬರೆಯಬೇಕಾಗಿದೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ – ತೀರ್ಥಹಳ್ಳಿ ಕೋಡಿಗ

ಸರಿಯಲ್ಲ. ಐಡಿಯನ್ನು ಅಳಿಸುವಾತ ತನ್ನ ಹೆಜ್ಜೆಗಳನ್ನು ಹಿಂಬಾಲಿಸುವುದು ಬೇಡ ಎಂದು ಹೇಳುತ್ತಿದ್ದಾನೆ. ಯಾವ ಸಂಖ್ಯೆಯನ್ನು ಹಿಡಿದು ಹಿಂಬಾಲಿಸಲಾಗುತ್ತದೆ ಎಂಬುದು ಅವನಿಗೆ ತಿಳಿದಿರಬೇಕಾಗಿಯೂ ಇಲ್ಲ.

ಈ ವಾದಕ್ಕೆ ಬಹಳ ಹತ್ತಿರದ ಪ್ರಕರಣವೊಂದು ಆಗಲೇ ನಡೆದುಹೋಗಿದೆ, ಮತ್ತು ಅದರಲ್ಲಿದ್ದುದು ಬೆಂಗಳೂರಿನಲ್ಲಿ ಬೆಳೆದ ಇನ್‌ಮೊಬಿ ಎಂಬ ಮೊಬೈಲ್ ಜಾಹೀರಾತು ಸಂಸ್ಥೆ. 2016ರ ಜೂನ್‌ನಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗವಾದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪದ ಪ್ರಕಾರ, ಬಳಕೆದಾರರು ಲೊಕೇಶನ್ ಅನುಮತಿಯನ್ನು ನಿರಾಕರಿಸಿದ್ದರೂ ಸಂಸ್ಥೆಯ ಎಸ್‌ಡಿಕೆ ಸುತ್ತಲಿನ ವೈಫೈ ಜಾಲಗಳ ಗುರುತನ್ನು ಓದುತ್ತಿತ್ತು. ಅನುಮತಿ ಕೊಟ್ಟವರ ಫೋನುಗಳಿಂದ ಯಾವ ವೈಫೈ ಎಲ್ಲಿದೆ ಎಂಬ ಪಟ್ಟಿಯನ್ನು ಮೊದಲೇ ಕಟ್ಟಿಕೊಂಡಿದ್ದರಿಂದ, ಅನುಮತಿ ಕೊಡದವರು ಎಲ್ಲಿದ್ದಾರೆ ಎಂಬುದನ್ನೂ ಆ ಪಟ್ಟಿಯೇ ಹೇಳುತ್ತಿತ್ತು. ನಲವತ್ತು ಲಕ್ಷ ಡಾಲರ್ ದಂಡ ನಿಗದಿಯಾಗಿ, ಸಂಸ್ಥೆಯ ಆರ್ಥಿಕ ಸ್ಥಿತಿಯನ್ನು ನೋಡಿ ಅದನ್ನು 9,50,000 ಡಾಲರ್‌ಗೆ ಇಳಿಸಲಾಯಿತು. ಇಪ್ಪತ್ತು ವರ್ಷ ಕಾಲ ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ಪರಿಶೀಲನೆಗೆ ಒಳಪಡಬೇಕೆಂಬ ಷರತ್ತೂ ಸೇರಿತು. ಆ ಎಸ್‌ಡಿಕೆಯನ್ನು ಅಳವಡಿಸಿಕೊಂಡಿದ್ದ ಆ್ಯಪ್‌ಗಳವರು ತಮ್ಮ ಬಳಕೆದಾರರಿಗೆ ನಿಜವಾದ ಮಾಹಿತಿ ಕೊಡುವ ಸ್ಥಿತಿಯಲ್ಲಿರಲಿಲ್ಲ ಎಂದೂ ಕಮಿಷನ್ ಹೇಳಿತ್ತು. ನಿಮ್ಮ ಮುಂದೆ ಈಗ ಇರುವುದು ಅದೇ ಜಾಗ. ವ್ಯತ್ಯಾಸವೆಂದರೆ, ನಿಮಗೆ ವಿಷಯ ಮೊದಲೇ ತಿಳಿದಿದೆ.

ಹ್ಯಾಶ್‌ನ ಮಾತಿಗೆ ಬರೋಣ. ಹ್ಯಾಶ್ ಮಾಡಿದ ಮೇಲೆ ಸಂಖ್ಯೆ ಯಾರದೆಂದು ತಿಳಿಯದು ಎಂದು ವಾದಿಸುವವರಿದ್ದಾರೆ. ನಮ್ಮ ದೇಶದ ಮೊಬೈಲ್ ಸಂಖ್ಯೆಗಳು ಹತ್ತು ಅಂಕಿಯವು, 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುವಂಥವು. ಅಂದರೆ ಒಟ್ಟು ಸಾಧ್ಯತೆಗಳು ನಾನೂರು ಕೋಟಿಯನ್ನು ಮೀರುವುದಿಲ್ಲ. ಗೇಮ್ ಆಡಲು ಕೊಳ್ಳುವ ಗ್ರಾಫಿಕ್ಸ್ ಕಾರ್ಡ್ ಅಷ್ಟೂ ಸಂಖ್ಯೆಗಳ ಸಾದಾ ಹ್ಯಾಶ್‌ಗಳನ್ನು ಕೆಲವೇ ನಿಮಿಷಗಳಲ್ಲಿ ಲೆಕ್ಕ ಹಾಕಿಬಿಡುತ್ತದೆ; ಆ ಪಟ್ಟಿಯಲ್ಲಿ ಹುಡುಕಿದರೆ ಯಾವ ಹ್ಯಾಶ್ ಯಾವ ಸಂಖ್ಯೆಯದು ಎಂಬುದು ತಿಳಿದುಹೋಗುತ್ತದೆ. ಅದೂ ಬೇಡ, ಎರಡು ಸಂಸ್ಥೆಗಳು ಒಂದೇ ರೀತಿಯಲ್ಲಿ ಹ್ಯಾಶ್ ಮಾಡುವುದೇ ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಪಟ್ಟಿಯೊಂದಿಗೆ ಹೊಂದಿಸಲಿಕ್ಕಾಗಿ. ಹೊಂದಿಸುವ ಉದ್ದೇಶದಿಂದಲೇ ಮಾಡಿದ್ದನ್ನು ಅನಾಮಧೇಯವೆಂದು ಕರೆಯಲಾಗದು. ಬಳಕೆದಾರರ ಅನುಮತಿಯಿಲ್ಲದೆ ಇಂಥ ಹ್ಯಾಶ್ ಮಾಡಿದ ಸಂಖ್ಯೆ, ಇಮೇಲ್‌ಗಳಿಂದ ಟ್ರ್ಯಾಕ್ ಮಾಡುವುದನ್ನೂ, ಸಾಧನದ ಲಕ್ಷಣಗಳನ್ನು ಜೋಡಿಸಿ ಗುರುತು ಕಟ್ಟುವುದನ್ನೂ ಆಪಲ್‌ನ ನಿಯಮಗಳು ನಿಷೇಧಿಸುತ್ತವೆ.

ಉತ್ತರ – ಜಾಹೀರಾತು ಎಂಜಿನಿಯರ್

ಮೇಲಿನವರ ತೀರ್ಮಾನವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಬೇಡ ಎಂದದ್ದು ಐಡಿಯನ್ನು ಮಾತ್ರ ಎಂಬ ಗೊಂದಲ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. 2012ರಲ್ಲಿ ಐಫೋನಿನ ಕಾರ್ಯಾಚರಣಾ ತಂತ್ರಾಂಶ ಐಒಎಸ್ 6ರೊಂದಿಗೆ ಆಪಲ್ ಜಾಹೀರಾತು ಐಡಿಯನ್ನೂ ಅದರ ಬಳಕೆಯನ್ನು ಮಿತಿಗೊಳಿಸುವ ಆಯ್ಕೆಯನ್ನೂ ತಂದಾಗ, ಬಳಕೆದಾರ ಬೇಡ ಎಂದ ಮೇಲೂ ಐಡಿ ಆ್ಯಪ್‌ನ ಕೈಗೆ ಸಿಗುತ್ತಲೇ ಇತ್ತು. ಬೇಡ ಎಂಬ ಸೂಚನೆ ಅದರ ಜೊತೆಗೆ ಬರುತ್ತಿತ್ತು, ಅದನ್ನು ಪಾಲಿಸುವುದು ಆ್ಯಪ್ ಬರೆದವರ ಪ್ರಾಮಾಣಿಕತೆಗೆ ಬಿಟ್ಟದ್ದಾಗಿತ್ತು. 2016ರ ಐಒಎಸ್ 10ರಿಂದ ಆ ಜಾಗದಲ್ಲಿ ಬರೀ ಸೊನ್ನೆಗಳು ಬರತೊಡಗಿದವು. ಆಂಡ್ರಾಯ್ಡ್‌ನಲ್ಲಿ ಇದೇ ಬದಲಾವಣೆ 2021ರ ಕೊನೆಯಲ್ಲಿ ಆರಂಭವಾಗಿ ಮರುವರ್ಷ ಗೂಗಲ್ ಪ್ಲೇ ಇರುವ ಉಳಿದ ಫೋನುಗಳಿಗೂ ಹರಡಿತು. ಹೀಗೆ ಯಂತ್ರವೇ ಬಾಗಿಲು ಮುಚ್ಚಿದ ಮೇಲೆ, ಮುಚ್ಚದ ಕಿಟಕಿಗಳನ್ನು ಹುಡುಕುವುದೇ ಕೆಲವರ ಕಸುಬಾಯಿತು.

ಅಳವಡಿಕೆಯಲ್ಲಿ ನಾನು ಕಂಡ ದೊಡ್ಡ ಲೋಪ ಆರಂಭದ ಕ್ರಮದ್ದು. ಆ್ಯಪ್ ತೆರೆದುಕೊಂಡ ಕೂಡಲೇ ಎಸ್‌ಡಿಕೆ ಎಚ್ಚರಗೊಂಡು ತನ್ನ ಮೊದಲ ವರದಿಯನ್ನು ಸರ್ವರ್‌ಗೆ ಕಳುಹಿಸಿಬಿಡುತ್ತದೆ; ಬಳಕೆದಾರರ ಆಯ್ಕೆಯನ್ನು ನಮ್ಮ ಕೋಡ್ ಓದುವುದು ಅದರ ನಂತರ. ಆದ್ದರಿಂದ ಆಯ್ಕೆಯನ್ನು ಓದಿ ಮುಗಿಯುವವರೆಗೆ ಎಸ್‌ಡಿಕೆಯನ್ನು ಎಬ್ಬಿಸಲೇಬಾರದು, ಓದಲು ಆಗದಿದ್ದರೆ ಬೇಡ ಎಂದಿದ್ದಾರೆಂದೇ ತಿಳಿಯಬೇಕು. ಆಯ್ಕೆ ಬದಲಾಗುವ ಹೊತ್ತಿಗೆ ಫೋನಿನಲ್ಲಿ ಕಳುಹಿಸದೆ ಉಳಿದ ವರದಿಗಳಿದ್ದರೆ ಅವನ್ನೂ ಅಳಿಸಬೇಕು. ಸೊನ್ನೆಗಳ ಐಡಿಯನ್ನು ನಿಜವಾದ ಐಡಿಯೆಂದು ದಾಖಲಿಸಿಕೊಳ್ಳುವ ಸರ್ವರ್‌ಗಳೂ ಇವೆ, ಅಲ್ಲಿ ಬೇಡ ಎಂದವರೆಲ್ಲರೂ ಸೇರಿ ಒಬ್ಬನೇ ವ್ಯಕ್ತಿಯಾಗಿಬಿಡುತ್ತಾರೆ. ಹೊಸ ಆಂಡ್ರಾಯ್ಡ್ ಆವೃತ್ತಿಗಳಿಗೆ ಜಾಹೀರಾತು ಐಡಿ ಓದಲು ಪ್ರತ್ಯೇಕ ಅನುಮತಿಯನ್ನು ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್ ತನಗೆ ಬೇಕಾದ ಅನುಮತಿಗಳನ್ನು ಹೇಳುವ ಕಡತದಲ್ಲಿ) ಘೋಷಿಸಬೇಕು. ಎಸ್‌ಡಿಕೆ ಅದನ್ನು ತಾನೇ ಸೇರಿಸಿಕೊಂಡಿರಬಹುದಾದ್ದರಿಂದ, ಬಿಲ್ಡ್ ಆದ ಮೇಲಿನ ಮ್ಯಾನಿಫೆಸ್ಟನ್ನು ತೆರೆದು ನೋಡಿ.

ಆದಾಯದ ಚಿಂತೆ ನಿಜವಾದದ್ದು. ಆದರೆ ನಿಮ್ಮ ಆ್ಯಪ್ ತೆರೆದವರು ಯಾರೆಂದು ತಿಳಿಯದಿದ್ದರೂ, ಅವರು ಅಡಿಕೆ ಧಾರಣೆ ನೋಡಲು ಬಂದವರು ಎಂಬುದು ತಿಳಿದೇ ಇದೆ. ಮಳೆಗಾಲದ ಮುಂಚೆ ಕೊಳೆರೋಗದ ಔಷಧಿ ಹೊಡೆಯುವ ಪಂಪು, ಮೈಲುತುತ್ತ, ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯುವ ಯಂತ್ರ ಮಾರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಸಿಗದು. ಒಂದೇ ಜಾಹೀರಾತು ಮತ್ತೆ ಮತ್ತೆ ಕಾಣದಂತೆ ನೋಡಿಕೊಳ್ಳುವ ಲೆಕ್ಕವನ್ನು ಫೋನಿನೊಳಗೇ ಇಟ್ಟುಕೊಳ್ಳಬಹುದು, ಅದನ್ನು ಹೊರಗೆ ಕಳುಹಿಸಬೇಕಾಗಿಲ್ಲ.

ಮರುಪ್ರಶ್ನೆ – ಧಾರಣೆ ಬಳಗ

ಇಬ್ಬರಿಗೂ ಕೃತಜ್ಞತೆಗಳು. ಹೊಸ ಎಸ್‌ಡಿಕೆ ಬೇಡವೆಂದು ನಿರ್ಧರಿಸಿದ್ದೇವೆ. ಇನ್ನೊಂದು ಸಂದೇಹ ಉಳಿದಿದೆ. ಹಿಂದೆ ಒಪ್ಪಿ, ಈಗ ಬೇಡ ಎನ್ನುತ್ತಿರುವವರ ಹಳೆಯ ಮಾಹಿತಿ ಈಗಾಗಲೇ ಜಾಹೀರಾತು ಸಂಸ್ಥೆಯ ಬಳಿ ಇದೆ. ಅದರ ಹೊಣೆ ಯಾರದು?

ಉತ್ತರ – ಕಾನೂನು ಓದುಗ

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 6ನೇ ಸೆಕ್ಷನ್ ಇಲ್ಲಿ ನಿಮ್ಮ ಆಧಾರ. ಒಪ್ಪಿಗೆಯು ನಿರ್ದಿಷ್ಟ ಉದ್ದೇಶಕ್ಕೆ ಸಂಬಂಧಿಸಿರಬೇಕು. ಲಾಗಿನ್‌ಗೆ ಕೊಟ್ಟ ಸಂಖ್ಯೆಯನ್ನು ಜಾಹೀರಾತಿಗೆ ಬಳಸುವಂತಿಲ್ಲ ಎಂಬುದು ಇದರಿಂದಲೇ ಹೊರಡುತ್ತದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವಾಗಿತ್ತೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಹಾಗೆ ಹಿಂತೆಗೆದುಕೊಂಡ ಮೇಲೆ ನೀವು ಯುಕ್ತ ಅವಧಿಯೊಳಗೆ ಸಂಸ್ಕರಣೆಯನ್ನು ನಿಲ್ಲಿಸಬೇಕು ಮತ್ತು ನಿಮ್ಮ ಪರವಾಗಿ ಸಂಸ್ಕರಿಸುವವರೂ ನಿಲ್ಲಿಸುವಂತೆ ಮಾಡಬೇಕು. ಬೇರೆ ಕಾನೂನಿನಂತೆ ಇಟ್ಟುಕೊಳ್ಳಲೇಬೇಕಾದದ್ದನ್ನು ಬಿಟ್ಟು ಉಳಿದ ಮಾಹಿತಿಯನ್ನು ಅಳಿಸುವ, ಅವರಿಂದಲೂ ಅಳಿಸಿಸುವ ಹೊಣೆಯನ್ನು 8ನೇ ಸೆಕ್ಷನ್ ನಿಮ್ಮ ಮೇಲೆಯೇ ಹೊರಿಸುತ್ತದೆ. ಜಾಹೀರಾತು ಸಂಸ್ಥೆ ಆ ಮಾಹಿತಿಯನ್ನು ತನ್ನ ಸ್ವಂತ ಉದ್ದೇಶಕ್ಕೂ ಬಳಸುತ್ತಿದ್ದರೆ ಅದಕ್ಕೆ ತನ್ನದೇ ಪ್ರತ್ಯೇಕ ಹೊಣೆ ಬರುತ್ತದೆ. ಹಾಗೆಂದು ನಿಮ್ಮ ಹೊಣೆ ಕಡಿಮೆಯಾಗುವುದಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದಿದ್ದು, ಈ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಅಲ್ಲಿಯವರೆಗೆ ಕಾಯುವ ಅಗತ್ಯವಿದೆಯೆಂದು ನನಗೆ ಅನಿಸುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲೇ ಹೇಳಿದೆ; ಆ ಅರ್ಜಿಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ನೀವು ಬರೆಯುವ ಪತ್ರದಲ್ಲಿ ಎರಡು ವಿಷಯಗಳನ್ನು ಸ್ಪಷ್ಟವಾಗಿ ಕೇಳಿ: ಬೇಡ ಎಂದವರ ಹಳೆಯ ದಾಖಲೆಗಳನ್ನು ಯಾವ ದಿನಾಂಕದೊಳಗೆ ಅಳಿಸುತ್ತಾರೆ, ಮತ್ತು ಆ ದಾಖಲೆಗಳನ್ನು ಅವರು ಈಗಾಗಲೇ ಯಾರ ಯಾರಿಗೆ ದಾಟಿಸಿದ್ದಾರೆ. ಎರಡನೆಯದಕ್ಕೆ ಬರಹದಲ್ಲಿ ಉತ್ತರ ಬಾರದಿದ್ದರೆ, ಅವರ ಈಗಿನ ಎಸ್‌ಡಿಕೆಯನ್ನೂ ಆ್ಯಪ್‌ನಿಂದ ತೆಗೆಯುವುದೇ ಮೇಲು.